ಮಕ್ಕಳ ಕೈಗೆ ಕಥೆಯ ಪುಸ್ತಕ

ಹಬ್ಬಕ್ಕೆ ಹೊಸ ಬಟ್ಟೆಯನ್ನು ಕೊಳ್ಳುವ ಗೃಹಸ್ಥರು ಮಗುವಿನ ಅಳತೆಯನ್ನು ತಪ್ಪದೆ ನೋಡುತ್ತಾರೆ. ಕಥೆಯ ಪುಸ್ತಕವನ್ನು ಕೊಳ್ಳುವಾಗ ಮಾತ್ರ ಆ ಎಚ್ಚರವು ಕಾಣದು. “ಇದರಲ್ಲಿ ನೀತಿಯಿದೆಯೆ?” ಎಂಬುದೊಂದೇ ಅವರ ಪ್ರಶ್ನೆ. ನೀತಿಯು ಬೇಡವೆಂದು ನಾವು ಹೇಳುವವರಲ್ಲ. ಆದರೆ ಅದು ಮಗುವಿನ ಮನಸ್ಸಿಗೆ ಇಳಿಯುವ ದಾರಿ ಯಾವುದೆಂಬುದನ್ನು ವಿಚಾರಿಸಬೇಕಾಗಿದೆ.

ಮಮ್ಮಟನು ಕಾವ್ಯಪ್ರಕಾಶದಲ್ಲಿ ಉಪದೇಶದ ಮೂರು ಬಗೆಗಳನ್ನು ಹೇಳಿದ್ದಾನೆ. ವೇದವು ಪ್ರಭುವಿನಂತೆ ಆಜ್ಞಾಪಿಸುತ್ತದೆ. ಪುರಾಣೇತಿಹಾಸಗಳು ಮಿತ್ರನಂತೆ ತಿಳಿಯಹೇಳುತ್ತವೆ. ಕಾವ್ಯವು ಕಾಂತೆಯಂತೆ ರಸದಿಂದ ಒಲಿಸಿಕೊಳ್ಳುತ್ತದೆ. ಮಕ್ಕಳ ಕಥೆಯೂ ಈ ಮೂರನೆಯ ವರ್ಗಕ್ಕೆ ಸೇರತಕ್ಕದ್ದು. ಅದರ ಕೈಗೆ ಪ್ರಭುವಿನ ದಂಡವನ್ನು ಕೊಟ್ಟರೆ ರಸವೂ ಉಳಿಯದು, ಉಪದೇಶವೂ ಹತ್ತದು. ಕಥೆ ಮುಗಿದೊಡನೆ “ಇದರಿಂದ ಏನು ಕಲಿತೆ?” ಎಂದು ಕೇಳಿದರೆ, ನಗುತ್ತಿದ್ದ ಮುಖವು ಬಾಡುವುದನ್ನು ನಾವು ಪಾಠಶಾಲೆಯಲ್ಲಿ ಎಷ್ಟೋ ಸಲ ಕಂಡಿದ್ದೇವೆ.

ಐದರಿಂದ ಎಂಟು ವರ್ಷದ ಮಕ್ಕಳಿಗೆ ಕಣ್ಣಿಗಿಂತ ಕಿವಿಯೇ ಮುಂದು. ಅವರಿಗೆ ಪಂಜೆ ಮಂಗೇಶರಾಯರ ಕಥೆಗಳನ್ನು ಗಟ್ಟಿಯಾಗಿ ಓದಿ ಹೇಳಬೇಕು. ೧೮೭೪ರಲ್ಲಿ ಜನಿಸಿ ೧೯೩೭ರಲ್ಲಿ ತೀರಿಕೊಂಡ ಈ ಮಹನೀಯರು ‘ಕವಿಶಿಷ್ಯ’ರೆಂಬ ಹೆಸರಿನಿಂದಲೂ ಪ್ರಸಿದ್ಧರು. ‘ಗುಡುಗುಡು ಗುಮ್ಮಟ ದೇವರು’ ಎಂಬ ಹೆಸರನ್ನು ಉಚ್ಚರಿಸಿದೊಡನೆಯೇ ಮಗುವು ಹತ್ತಿರ ಸರಿದು ಕುಳಿತುಕೊಳ್ಳುತ್ತದೆ. ತುಸು ದೊಡ್ಡವರಾದ ಮೇಲೆ, ತುಳುನಾಡಿನ ಅವಳಿ ವೀರರನ್ನು ಕುರಿತು ಅವರೇ ಬರೆದ ‘ಕೋಟಿ ಚೆನ್ನಯ’ವನ್ನು ಕೊಡಬಹುದು.

ಎಂಟರಿಂದ ಹನ್ನೆರಡರವರೆಗೆ ಪಂಚತಂತ್ರಕ್ಕೆ ಸಮನಾದುದು ವಿರಳ. ಓದೆಂದರೆ ವಿಮುಖರಾಗಿದ್ದ ಮೂವರು ರಾಜಕುಮಾರರಿಗೆ ವಿಷ್ಣುಶರ್ಮನು ಶಾಸ್ತ್ರವನ್ನು ಕಂಠಪಾಠ ಮಾಡಿಸಲಿಲ್ಲ. ಸಿಂಹವನ್ನೂ ನರಿಯನ್ನೂ ಕಾಗೆಯನ್ನೂ ಮಾತನಾಡಿಸಿದನು. ಕನ್ನಡದಲ್ಲಿ ದುರ್ಗಸಿಂಹನು ೧೦೩೧ರ ಸುಮಾರಿಗೇ ವಸುಭಾಗನ ಸಂಪ್ರದಾಯವನ್ನು ಅನುಸರಿಸಿ ಪಂಚತಂತ್ರವನ್ನು ಚಂಪೂರೂಪದಲ್ಲಿ ರಚಿಸಿದನು. ಆ ಹಳಗನ್ನಡವು ಬಾಲಕರಿಗೆ ನಿಲುಕದು. ತಿಳಿಯಾದ ಹೊಸಗನ್ನಡ ಗದ್ಯವನ್ನೇ ಆರಿಸಬೇಕು. ಪ್ರತಿ ಕಥೆಯ ಕೆಳಗೂ ನೀತಿವಾಕ್ಯವನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದ ಪ್ರತಿಗಳಿಗಿಂತ, ಕಥೆಯೊಳಗೆ ಕಥೆಯನ್ನು ಹೆಣೆದ ಮೂಲದ ಕ್ರಮವನ್ನು ಉಳಿಸಿಕೊಂಡ ಪ್ರತಿಗಳು ಉತ್ತಮ.

ಹನ್ನೆರಡು ದಾಟಿದವರು ಹಿರಿಯರ ಲೋಕವನ್ನು ಇಣಿಕಿ ನೋಡಬಯಸುತ್ತಾರೆ. ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಇವರಿಗೆ ತಕ್ಕುದು. ೨೦೧೧ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವು ದೊರೆಯಿತು. ಹದಿನಾಲ್ಕರ ಹೊತ್ತಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಕೊಡಬೇಕು. ೧೯೮೦ರ ಈ ಕಾದಂಬರಿಯಲ್ಲಿ ಹಾರುವ ಓತಿಯೊಂದನ್ನು ಹುಡುಕಹೊರಟ ವಿಜ್ಞಾನಿಗೆ, ಕೆಲಸಕ್ಕೆ ಬಾರದವನೆಂದು ಊರವರು ಎಣಿಸಿದ ಮಂದಣ್ಣನೇ ನೆರವಾಗುತ್ತಾನೆ. ಯಾರನ್ನೂ ದಡ್ಡನೆಂದು ತಳ್ಳಬಾರದೆಂಬುದನ್ನು ಇಲ್ಲಿ ಯಾರೂ ಬೋಧಿಸುವುದಿಲ್ಲ. ಆದರೆ ಓದಿದ ಹುಡುಗನು ಅದನ್ನು ತಾನಾಗಿಯೇ ಕಂಡುಕೊಳ್ಳುತ್ತಾನೆ. ನಾವು ಮೇಲೆ ಹೇಳಿದ ದಾರಿ ಇದೇ.

ಇಂದು ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಸರಾಗವಾಗಿ ಆಡುತ್ತಾರೆ, ಓದಲು ಮಾತ್ರ ತಡವರಿಸುತ್ತಾರೆ. ಇದಕ್ಕೆ ಗದರಿಕೆಯು ಮದ್ದಲ್ಲ. ರಾತ್ರಿಯ ಊಟವಾದ ಮೇಲೆ ತಾಯಿಯೋ ತಂದೆಯೋ ಅಜ್ಜನೋ ಕಾಲು ಗಂಟೆ ಓದಿ, ಕಥೆಯು ಬಿಗಿಯಾದ ಸ್ಥಳದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮಗುವಿನ ಕೈಗೆಟಕುವಂತೆ ಇಟ್ಟು ಎದ್ದುಬಿಡಲಿ. ಮುಂದೇನಾಯಿತೆಂಬ ಕುತೂಹಲವೇ ಅಕ್ಷರಗಳನ್ನು ಕೂಡಿಸಿ ಓದಿಸುತ್ತದೆ. ರುಚಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಸ್ವಾತಂತ್ರ್ಯವೂ ಮಗುವಿಗಿರಲಿ.

ಪುಸ್ತಕವೆಂದರೆ ಪರೀಕ್ಷೆಯೆಂದೇ ನಂಬಿ ಬೆಳೆದವನು, ಪರೀಕ್ಷೆಗಳು ಮುಗಿದ ದಿನವೇ ಪುಸ್ತಕವನ್ನು ಮುಚ್ಚಿಬಿಡುತ್ತಾನೆ. ಕಥೆಯ ರುಚಿಯನ್ನು ಕಂಡವನಿಗಾದರೋ ಅದು ಮುಪ್ಪಿನವರೆಗೂ ಜೊತೆಗಾರನಾಗಿ ಉಳಿಯುತ್ತದೆ. ಆದಕಾರಣ ಈ ತಿಂಗಳ ಮನೆಯ ಖರ್ಚಿನಲ್ಲಿ ಒಂದು ಕಥೆಯ ಪುಸ್ತಕಕ್ಕೂ ಎಡೆಯಿರಲೆಂದು ವಾಚಕ ಮಹಾಶಯರನ್ನು ಪ್ರಾರ್ಥಿಸುತ್ತೇವೆ.