ಹ್ಯಾಂಗ್‌ನ ಜಾಡು ಹಿಡಿಯುವ ಕಸುಬು

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ಅಂಗಡಿಗಳ ನಡುನಡುವೆಯೇ ರಿಪೇರಿಯ ಮೇಜುಗಳೂ ಇವೆ. ಇಂಥ ಮೇಜಿನ ಮುಂದೆ ಬರುವ ದೂರುಗಳಲ್ಲಿ ಹೆಚ್ಚು ಸತಾಯಿಸುವಂಥದ್ದು ಒಂದು: ‘ಹೊಸ ರ‍್ಯಾಮ್ ಹಾಕಿಸಿದ ಮೇಲೆ ಆಗಾಗ ಹ್ಯಾಂಗ್ ಆಗ್ತಿದೆ ಸಾರ್’. ಪೂರ್ತಿ ಕೆಟ್ಟು ನಿಂತ ಯಂತ್ರದಲ್ಲಿ ದೋಷ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಮನೆಯಲ್ಲಿ ದಿನವೂ ನಿಲ್ಲುವ ಯಂತ್ರ ಮೆಕ್ಯಾನಿಕ್ ಎದುರು ಗಂಟೆಗಟ್ಟಲೆ ಸರಾಗವಾಗಿ ಓಡಿದರೆ ಏನು ಮಾಡುವುದು?

ಪಳಗಿದ ಮೆಕ್ಯಾನಿಕ್ ಮೊದಲು ಪ್ರಶ್ನೆ ಕೇಳುತ್ತಾನೆ. ಯಾವತ್ತಿನಿಂದ ಶುರುವಾಯಿತು? ಆಗ ಏನು ಕೆಲಸ ನಡೆಯುತ್ತಿತ್ತು? ಹ್ಯಾಂಗ್ ಆದಾಗ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡುವುದೂ ಈ ಕಸುಬಿನ ಹಳೆಯ ಪರೀಕ್ಷೆ. ದೀಪ ಹತ್ತಿ ಆರುತ್ತಿದ್ದರೆ ಒಳಗೆ ಇನ್ನೂ ಜೀವವಿದೆ, ತೊಡಕು ಡಿಸ್ಕಿನಲ್ಲೋ ತಂತ್ರಾಂಶದಲ್ಲೋ ಇರಬಹುದು. ದೀಪ ಅಲುಗದೆ, ಹಾಡಿನ ಒಂದೇ ತುಣುಕು ಕಿರ್ರೆಂದು ಮತ್ತೆ ಮತ್ತೆ ಕೇಳಿಸಿದರೆ ಅನುಮಾನ ರ‍್ಯಾಮ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳ ಕಡೆ ತಿರುಗುತ್ತದೆ.

ಹೊಸದಾಗಿ ಬಂದ ಭಾಗವೇ ಕೆಟ್ಟಿದೆ ಎಂದು ಮಾತ್ರ ತೀರ್ಮಾನಿಸುವಂತಿಲ್ಲ. ಡಿಡಿಆರ್4 ರ‍್ಯಾಮ್‌ಗೆ ಉದ್ಯಮ ನಿಗದಿಪಡಿಸಿದ ಗರಿಷ್ಠ ವೇಗ ಸೆಕೆಂಡಿಗೆ 3200 ಮೆಗಾಟ್ರಾನ್ಸ್‌ಫರ್. ಡಬ್ಬಿಯ ಮೇಲೆ 3600 ಎಂದಿದ್ದರೆ ಅದು ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ಓಡುವ ಮೂಲ ತಂತ್ರಾಂಶ) ಎಕ್ಸ್‌ಎಂಪಿ ಎಂಬ ವೇಗ ಹೆಚ್ಚಿಸುವ ಆಯ್ಕೆ ಚಾಲೂ ಮಾಡಿ, ಮಾನದಂಡ ಮೀರಿ ಓಡಿಸುವ ವೇಗ. ರ‍್ಯಾಮ್ ಅದನ್ನು ತಾಳಿಕೊಂಡರೂ ಪ್ರೊಸೆಸರ್ ಅಥವಾ ಮದರ್‌ಬೋರ್ಡ್ ತಾಳದಿರಬಹುದು. ಹಳೆಯ ರ‍್ಯಾಮ್ ಕಡ್ಡಿಯ ಪಕ್ಕಕ್ಕೆ ಬೇರೆ ಕಂಪನಿಯ ಹೊಸ ಕಡ್ಡಿ ಸೇರಿಸಿದಾಗಲೂ ಇದೇ ಪಾಡು. ಒಂದೊಂದೇ ಹಾಕಿದರೆ ಎರಡೂ ಸರಿ, ಜೊತೆಗೂಡಿದರೆ ತಕರಾರು. ಹಾಗಾಗಿ ಮೊದಲ ಹೆಜ್ಜೆ ಕಾಸು ಖರ್ಚಿಲ್ಲದ್ದು: ಎಕ್ಸ್‌ಎಂಪಿ ಬಂದ್ ಮಾಡಿ ಎರಡು ದಿನ ಬಳಸಿ ನೋಡುವುದು.

ಆಮೇಲೆ ಕ್ಯಾಬಿನೆಟ್ ಬಿಚ್ಚುವ ಸರದಿ. ಕರೆಂಟ್ ತೆಗೆದು, ಕಡ್ಡಿ ಕಳಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಕಟಕ್ಕೆನ್ನುವವರೆಗೆ ಸ್ಲಾಟಿಗೆ ಒತ್ತುತ್ತಾರೆ. ನಂತರ ಒಂದು ಕಡ್ಡಿಯನ್ನಷ್ಟೇ ಇಟ್ಟು, ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ ಎಂಬ, ರ‍್ಯಾಮ್ ಪರೀಕ್ಷಿಸುವ ಉಚಿತ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸುತ್ತಾರೆ. ಬೆಳಿಗ್ಗೆ ಪರದೆಯಲ್ಲಿ ದೋಷ ಸೂಚಿಸುವ ಒಂದೇ ಒಂದು ಕೆಂಪು ಸಾಲು ಕಂಡರೂ ಆ ಕಡ್ಡಿಯನ್ನೋ ಸ್ಲಾಟನ್ನೋ ವೇಗವನ್ನೋ ನಂಬುವಂತಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಇಲ್ಲಿ ಕಟ್ಟುನಿಟ್ಟು. ಎರಡನ್ನು ಒಟ್ಟಿಗೆ ಬದಲಿಸಿದರೆ ಹ್ಯಾಂಗ್ ನಿಂತರೂ ಕಾರಣ ತಿಳಿಯುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮೇಲೂ ಕಣ್ಣಿಡಬೇಕು. ಗೇಮ್ ತೆರೆದ ಗಳಿಗೆಯಲ್ಲಿ ಕಾರ್ಡ್ ದಿಢೀರನೆ ಹೆಚ್ಚು ವಿದ್ಯುತ್ ಎಳೆಯುತ್ತದೆ; ಅಗ್ಗದ ಎಸ್‌ಎಂಪಿಎಸ್ ಸೋತರೆ ಯಂತ್ರ ಫಕ್ಕನೆ ಆಫ್ ಆಗುತ್ತದೆ ಅಥವಾ ರಿಸ್ಟಾರ್ಟ್ ಆಗುತ್ತದೆ.

ಕೆಲವೊಮ್ಮೆ ದೋಷ ಯಾರೂ ಅನುಮಾನಿಸದ ಕಡೆ ಇರುತ್ತದೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಕೊಂಡ ಎಷ್ಟೋ ಮಂದಿಗೆ ಗೇಮ್‌ಗಳು ಅರ್ಧಕ್ಕೇ ಮುಚ್ಚಿಹೋಗುತ್ತಿದ್ದವು. ಪರದೆಯಲ್ಲಿ ಬರುತ್ತಿದ್ದ ಸಂದೇಶ ಗ್ರಾಫಿಕ್ಸ್ ಮೆಮೊರಿ ಸಾಲದು ಎಂದಾಗಿದ್ದರಿಂದ ಜನ ಕಾರ್ಡನ್ನೇ ದೂರಿದರು. ಪ್ರೊಸೆಸರ್ ಅತಿಯಾದ ವೋಲ್ಟೇಜ್ ಕೇಳಿ ಪಡೆದು ತಾನೇ ಹಾಳಾಗುತ್ತಿದೆ ಎಂಬುದನ್ನು ಕಂಪನಿ 2024ರಲ್ಲಿ ಒಪ್ಪಿತು. ಆ ವರ್ಷದ ಆಗಸ್ಟ್‌ನಿಂದ ಬಯಾಸ್ ಅಪ್‌ಡೇಟ್ ಮೂಲಕ ಪರಿಹಾರ ಬಂತು, ವಾರಂಟಿಯೂ ಎರಡು ವರ್ಷ ಹೆಚ್ಚಿತು. ಆದರೆ ಅಷ್ಟರಲ್ಲಿ ಹಾಳಾಗಿದ್ದ ಚಿಪ್‌ಗಳನ್ನು ಅಪ್‌ಡೇಟ್ ಉಳಿಸಲಾರದು; ಬದಲಿಸಿಕೊಳ್ಳುವುದೇ ದಾರಿ.

ಅಪ್‌ಗ್ರೇಡ್ ಮಾಡಿಸುವವರು ಮೊದಲು ಕಡತಗಳ ಬ್ಯಾಕಪ್ ತೆಗೆದಿಟ್ಟುಕೊಳ್ಳಿ. ಬಿಲ್ ಜೋಪಾನವಾಗಿರಲಿ. ಹೊಸ ಭಾಗ ಒಂದು ತಿಂಗಳು ತೊಂದರೆಯಿಲ್ಲದೆ ಓಡುವವರೆಗೆ ಕಳಚಿದ ಹಳೆಯ ರ‍್ಯಾಮ್ ಅಥವಾ ಕಾರ್ಡನ್ನು ಮಾರಬೇಡಿ. ಹ್ಯಾಂಗ್ ಆದರೆ ದಿನ, ಹೊತ್ತು, ಆಗ ತೆರೆದಿದ್ದ ಪ್ರೋಗ್ರಾಂ ಬರೆದಿಟ್ಟು ಆ ಚೀಟಿಯನ್ನು ಮೆಕ್ಯಾನಿಕ್ ಕೈಗೆ ಕೊಡಿ. ಅರ್ಧ ಕೆಲಸ ಅದರಿಂದಲೇ ಮುಗಿಯುತ್ತದೆ.