ಇಪ್ಪತ್ತು ಮಕ್ಕಳ ಹೊಣೆ

ಮಗನನ್ನೋ ಮಗಳನ್ನೋ ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿ ಮನೆಗೆ ಹಿಂದಿರುಗಿದ ದಿನ ತಂದೆತಾಯಿಗಳ ಎದೆಯ ಮೇಲಿನ ದೊಡ್ಡದೊಂದು ಭಾರ ಇಳಿದಂತಾಗುತ್ತದೆ. ಸಿ.ಇ.ಟಿ.ಯ ಆತಂಕ, ರ‍್ಯಾಂಕಿನ ಲೆಕ್ಕಾಚಾರ, ಸೀಟು ಹಂಚಿಕೆಯ ಸುತ್ತುಗಳು, ಶುಲ್ಕ ಹೊಂದಿಸುವ ಚಿಂತೆ, ಎಲ್ಲವೂ ಮುಗಿಯಿತು. ಇನ್ನು ನಾಲ್ಕು ವರ್ಷ ಕಳೆದರೆ ಮಗು ಎಂಜಿನಿಯರ್ ಆಗಿ ಹೊರಬರುತ್ತದೆ ಎಂಬ ನೆಮ್ಮದಿ. ಆದರೆ ಮನೆಯವರು ಇಳಿಸಿದ ಆ ಭಾರವನ್ನು ಕಾಲೇಜಿನಲ್ಲಿ ಇನ್ನೊಬ್ಬರು ಹೊತ್ತುಕೊಂಡಿರುತ್ತಾರೆ. ಅವರ ಹೆಸರು ಎಷ್ಟೋ ತಂದೆತಾಯಿಗಳಿಗೆ ತಿಳಿದಿರುವುದೇ ಇಲ್ಲ. ವಿದ್ಯಾರ್ಥಿಗಳು ಅವರನ್ನು ‘ಮೆಂಟರ್’ ಎನ್ನುತ್ತಾರೆ. ಕೆಲವು ಕಾಲೇಜುಗಳಲ್ಲಿ ‘ಪ್ರಾಕ್ಟರ್’ ಎಂಬ ಹೆಸರೂ ಉಂಟು.

ಪಾಠ ಹೇಳುವುದು, ಪ್ರಯೋಗಶಾಲೆ ನಡೆಸುವುದು, ಉತ್ತರಪತ್ರಿಕೆ ತಿದ್ದುವುದು ಇವರ ಮುಖ್ಯ ಉದ್ಯೋಗ. ಅದರ ಜೊತೆಗೆ ಸುಮಾರು ಇಪ್ಪತ್ತು ವಿದ್ಯಾರ್ಥಿಗಳ ಓದಿನ ಯೋಗಕ್ಷೇಮವನ್ನೂ ನೋಡಿಕೊಳ್ಳಬೇಕು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2017ರಲ್ಲಿ ಹೊಸ ವಿದ್ಯಾರ್ಥಿಗಳಿಗೆಂದು ಮೂರು ವಾರಗಳ ಪ್ರವೇಶ ಕಾರ್ಯಕ್ರಮವನ್ನು ರೂಪಿಸಿದಾಗ, ಇಪ್ಪತ್ತು ಮಂದಿಯ ಪ್ರತಿಯೊಂದು ಗುಂಪಿಗೂ ಒಬ್ಬ ಅಧ್ಯಾಪಕರಿರಬೇಕೆಂದೂ, ಆ ಸಂಬಂಧ ಪದವಿ ಮುಗಿಯುವವರೆಗೆ ಬೆಳೆಯಬೇಕೆಂದೂ ಸೂಚಿಸಿತು. ಕಾಗದದ ಮೇಲೆ ಇದು ಒಂದೇ ಸಾಲಿನ ಕೆಲಸ.

ಅಂಕಿಗಳು ಹೇಳುವ ಮಾತು

ಈ ಕೆಲಸ ಆರಂಭವಾಗುವುದು ಲೆಕ್ಕದಿಂದ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ನಿಯಮದಂತೆ ಪ್ರತಿಯೊಂದು ವಿಷಯದಲ್ಲಿಯೂ ಶೇಕಡ 85ರಷ್ಟು ಹಾಜರಿ ಬೇಕು. ಒಪ್ಪತಕ್ಕ ಕಾರಣವಿದ್ದರೆ ಶೇಕಡ 10ರವರೆಗೆ ರಿಯಾಯಿತಿ ದೊರೆಯಬಹುದು. ಒಂದು ವಿಷಯಕ್ಕೆ 40 ತರಗತಿಗಳು ನಡೆದರೆ 34ಕ್ಕೆ ಹಾಜರಿರಬೇಕು. ತಪ್ಪಿಸಿಕೊಳ್ಳಲು ಅವಕಾಶವಿರುವುದು ಆರೇ ಆರು. ಒಂದು ವಾರ ಜ್ವರದಿಂದ ಮಲಗಿ, ಊರ ಜಾತ್ರೆಗೆ ಎರಡು ದಿನ ಹೋಗಿಬಂದರೆ ಈ ಆರರಲ್ಲಿ ಬಹುಪಾಲು ಕರಗಿಹೋಗುತ್ತದೆ.

ಎರಡನೆಯದು ಇಂಟರ್ನಲ್ ಅಂಕಗಳ ಲೆಕ್ಕ. 2022ರ ಪಠ್ಯಕ್ರಮದಲ್ಲಿ ವರ್ಷದ ನಡುವಣ ಪರೀಕ್ಷೆ, ಅಭ್ಯಾಸಗಳಿಗೆ 50 ಅಂಕ, ಸೆಮಿಸ್ಟರಿನ ಕೊನೆಯ ಪರೀಕ್ಷೆಗೆ 50 ಅಂಕ. ಮೊದಲ ಐವತ್ತರಲ್ಲಿ 20 ಬಾರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವ ಅರ್ಹತೆಯೇ ಇಲ್ಲ. ಮನೆಯವರು ಫಲಿತಾಂಶದ ದಿನವನ್ನು ಎದುರುನೋಡುತ್ತಿರುತ್ತಾರೆ. ಆದರೆ ಎಷ್ಟೋ ಸೋಲುಗಳು ಅದಕ್ಕೂ ಎರಡು ತಿಂಗಳು ಮೊದಲೇ ನಿಶ್ಚಯವಾಗಿರುತ್ತವೆ. ಆರನೆಯ ವಾರದಲ್ಲಿ ಹಾಜರಿ ಪಟ್ಟಿಯನ್ನು ಕಣ್ಣಿಟ್ಟು ನೋಡುವ ಅಧ್ಯಾಪಕರಿಗೆ ಆ ಸೋಲಿನ ನೆರಳು ಕಾಣುತ್ತದೆ. ಆಗ ಕರೆದರೆ ಉಪಾಯವುಂಟು. ಹನ್ನೆರಡನೆಯ ವಾರದಲ್ಲಿ ಕರೆದರೆ ಉಪದೇಶ ಮಾತ್ರ ಉಳಿದಿರುತ್ತದೆ.

ಅಂಕಿಗಳು ಹೇಳದ ಮಾತು

ಒಬ್ಬ ವಿದ್ಯಾರ್ಥಿಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಅವನಿಗೆ ಹೆಸರು ಬೇಡ. ಅಂಥವನು ಯಾವ ಕಾಲೇಜಿನಲ್ಲಿಯಾದರೂ ಸಿಗುತ್ತಾನೆ. ಹಾವೇರಿಯ ಕಡೆಯ ರೈತನ ಮಗ. ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವನು. ಪಿ.ಯು.ಸಿ.ಯ ಪುಸ್ತಕಗಳು ಇಂಗ್ಲಿಷಿನಲ್ಲಿದ್ದರೂ ಅರ್ಥವನ್ನು ಕನ್ನಡದಲ್ಲಿಯೇ ಮಾಡಿಕೊಂಡು ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ಗಳಿಸಿದವನು. ಇಂಥವರಿಗೆಂದೇ ಸಿ.ಇ.ಟಿ.ಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಮೀಸಲಾತಿಯಿದೆ. ಅದು ಬಾಗಿಲನ್ನು ತೆರೆಯುತ್ತದೆ. ಒಳಗೆ ಬಂದ ಮೇಲೆ ನಡೆಯಬೇಕಾದವನು ಹುಡುಗನೇ.

ಮೊದಲ ಸೆಮಿಸ್ಟರಿನ ಆರನೆಯ ವಾರ. ಗಣಿತದ ಹದಿನೆಂಟು ತರಗತಿಗಳಲ್ಲಿ ಐದಕ್ಕೆ ಅವನಿಲ್ಲ. ಮೊದಲ ಟೆಸ್ಟಿನಲ್ಲಿ 25ಕ್ಕೆ 4. ಉಳಿದ ವಿಷಯಗಳಲ್ಲಿ ಹಾಜರಿ ಚೊಕ್ಕವಾಗಿದೆ. ಅವನ ಮೆಂಟರ್ ಸಿವಿಲ್ ವಿಭಾಗದ ಅಧ್ಯಾಪಕಿ. ಕರೆಸಿ ಕೂರಿಸಿಕೊಂಡ ಅವರು ಅಂಕದ ಮಾತನ್ನು ಎತ್ತಲಿಲ್ಲ.

“ಊಟ ಎಲ್ಲಿ ಮಾಡುತ್ತೀಯಪ್ಪ?”

“ಪಿ.ಜಿ.ಯಲ್ಲಿ, ಮೇಡಂ.”

“ರೊಟ್ಟಿ ಸಿಗುತ್ತದೆಯೇ?”

ಹುಡುಗ ಮೊದಲ ಸಲ ನಕ್ಕ. ಅರ್ಧ ಗಂಟೆಯ ನಂತರ ಸಂಗತಿ ಹೊರಬಿತ್ತು. ಎರಡನೆಯ ವಾರದಲ್ಲಿ ಗಣಿತದ ಅಧ್ಯಾಪಕರು ಅವನನ್ನು ಎಬ್ಬಿಸಿ ಒಂದು ಪ್ರಶ್ನೆ ಕೇಳಿದ್ದರು. ಉತ್ತರ ಗೊತ್ತಿತ್ತು, ಇಂಗ್ಲಿಷ್ ವಾಕ್ಯ ನಡುವೆ ಮುರಿದುಬಿತ್ತು. ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಅಂದಿನಿಂದ ಆ ಗಂಟೆ ಬಂದರೆ ಕಾಲು ತರಗತಿಯತ್ತ ಏಳುತ್ತಿರಲಿಲ್ಲ. ಎಷ್ಟೋ ಸಲ ಗ್ರಂಥಾಲಯದ ಮೂಲೆಯಲ್ಲಿ ಕುಳಿತುಬಿಡುತ್ತಿದ್ದ.

ಅಧ್ಯಾಪಕಿ ಒಂದು ಹಾಳೆಯನ್ನು ಮುಂದಿಟ್ಟರು. “ಆ ಲೆಕ್ಕವನ್ನು ಮಾಡು. ಕನ್ನಡದಲ್ಲಿಯೇ ಹೇಳುತ್ತಾ ಮಾಡು.” ಹುಡುಗ ತಪ್ಪಿಲ್ಲದೆ ಮಾಡಿದ. ಗಣಿತ ಅವನಿಗೆ ಬರುತ್ತಿತ್ತು; ಹೋಗಿದ್ದದ್ದು ಧೈರ್ಯ. ಹಾಜರಿ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಗುರುತು.

ಮನೆಗೆ ತಿಳಿಸಬೇಕೆ?

ಗಣಿತದ ಅಧ್ಯಾಪಕರೊಡನೆ ಮಾತನಾಡಿ, ಕೆಲವು ವಾರ ಅವನನ್ನು ಎಬ್ಬಿಸಿ ಕೇಳದಂತೆ ಒಪ್ಪಿಸುವುದು ಸುಲಭವಾಗಿತ್ತು. ಅವನದೇ ಜಿಲ್ಲೆಯ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ವಾರಕ್ಕೆರಡು ಸಂಜೆ ಜೊತೆಗೆ ಕೂರಿಸುವುದೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಹುಡುಗನ ಕೊನೆಯ ಮಾತು: “ಅಪ್ಪನಿಗೆ ಹೇಳಬೇಡಿ, ಮೇಡಂ. ಹೇಳಿದರೆ ಓದು ಬಿಡಿಸಿ ಕರೆದುಕೊಂಡು ಹೋಗುತ್ತಾರೆ.”

ಮೆಂಟರ್ ಆದವರೆಲ್ಲರೂ ಒಂದಲ್ಲ ಒಂದು ದಿನ ಈ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ಸಾಲ ಮಾಡಿ ಶುಲ್ಕ ಕಟ್ಟಿದ ತಂದೆಗೆ ಸತ್ಯ ತಿಳಿಯಬೇಡವೇ? ಆದರೆ ಹುಡುಗ ನಂಬಿ ಆಡಿದ ಮಾತನ್ನು ಫೋನಿನಲ್ಲಿ ದಾಟಿಸಿದರೆ ಅವನು ಮತ್ತೆ ಬಾಯಿ ಬಿಡುವನೇ? ಅವನೊಬ್ಬನೇ ಅಲ್ಲ, ಉಳಿದ ಹತ್ತೊಂಬತ್ತು ಮಂದಿಯೂ ಆ ಕೋಣೆಯ ಬಾಗಿಲಿಗೆ ಬಾರರು. ಸುಮ್ಮನಿದ್ದು ಮುಂದೆ ಅವನು ಸೋತರೆ, “ನೀವೇಕೆ ತಿಳಿಸಲಿಲ್ಲ?” ಎಂದು ತಂದೆ ಕೇಳುವ ಪ್ರಶ್ನೆಗೆ ಉತ್ತರವಿಲ್ಲ.

ಅಧ್ಯಾಪಕಿ ಬಹಳ ಹೊತ್ತು ಯೋಚಿಸಿದರು. “ನಾನು ಹೇಳುವುದಿಲ್ಲ. ನೀನೇ ಹೇಳು. ಇಲ್ಲಿಯೇ ಕುಳಿತು ಹೇಳು,” ಎಂದರು.

ಹುಡುಗ ನಡುಗುವ ಕೈಯಲ್ಲಿ ಫೋನು ಹಿಡಿದ. ಎಲ್ಲವನ್ನೂ ಕೇಳಿದ ಮೇಲೆ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ತಂದೆಯ ದನಿ: “ಮೊದಲ ಯಾಕ ಹೇಳಲಿಲ್ಲೋ ತಮ್ಮಾ? ಊಟ ಸರಿಯಾಗಿ ಮಾಡ್ತೀಯೋ ಇಲ್ಲೋ?”

ಆ ಸೆಮಿಸ್ಟರಿನಲ್ಲಿ ಪವಾಡವೇನೂ ನಡೆಯಲಿಲ್ಲ. ಗಣಿತದಲ್ಲಿ ಪಾಸಾದ, ಇನ್ನೊಂದು ವಿಷಯ ಬ್ಯಾಕ್‌ಲಾಗ್ ಆಗಿ ಉಳಿಯಿತು. ಆದರೆ ಫಲಿತಾಂಶ ಬಂದ ದಿನ ಅವನು ಯಾರೂ ಕರೆಯದೆಯೇ ಅಧ್ಯಾಪಕಿಯ ಕೋಣೆಗೆ ಬಂದ.

ಮಿತಿಗಳೂ ಉಂಟು

ಎಲ್ಲ ಪ್ರಸಂಗಗಳೂ ಹೀಗೆ ಮುಗಿಯುವುದಿಲ್ಲ. ಕೆಲವರ ಮೌನದ ಹಿಂದೆ ಮನಸ್ಸಿನ ಕಾಯಿಲೆಯಿರಬಹುದು. ಅಧ್ಯಾಪಕರು ವೈದ್ಯರಲ್ಲ, ಯಾವ ಬಾಗಿಲು ತಟ್ಟಬೇಕೆಂಬುದು ಮಾತ್ರ ಅವರಿಗೆ ತಿಳಿದಿರಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಖರ್ಚಿಲ್ಲದೆ, ಹಗಲುರಾತ್ರಿ ಸಲಹೆ ದೊರೆಯುತ್ತದೆ. ವಿದ್ಯಾರ್ಥಿಯ ಪ್ರಾಣಕ್ಕೆ ಅಪಾಯವಿದೆಯೆಂದು ತೋರಿದಾಗ ಗುಟ್ಟು ಕಾಯುವ ಮಾತಿಗೆ ಬೆಲೆಯಿಲ್ಲ. ಆಗ ಮನೆಗೂ ವೈದ್ಯರಿಗೂ ಒಡನೆಯೇ ತಿಳಿಸಲೇಬೇಕು.

ಇನ್ನೊಂದು ಮಿತಿ ಕಡತದ್ದು. ಕಾಲೇಜುಗಳ ಗುಣಮಟ್ಟವನ್ನು ಅಳೆಯುವವರು ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮೆಂಟರ್ ಎಂದು ಕೇಳುತ್ತಾರೆ; ಅದಕ್ಕಾಗಿ ಪುಸ್ತಕಗಳು ತುಂಬುತ್ತವೆ. ಇಪ್ಪತ್ತು ಮಂದಿಯನ್ನು ಸಾಲಾಗಿ ನಿಲ್ಲಿಸಿ ಹತ್ತು ನಿಮಿಷದಲ್ಲಿ ಸಹಿ ಪಡೆದರೂ ಪುಸ್ತಕ ತುಂಬುತ್ತದೆ. ಒಬ್ಬನೊಡನೆ ಅರ್ಧ ಗಂಟೆ ಕುಳಿತರೂ ಅದರಲ್ಲಿ ಏರುವುದು ಒಂದೇ ಸಾಲು. ಯಾವ ಸಾಲಿನ ಹಿಂದೆ ಮಾತುಕತೆ ನಡೆದಿದೆ, ಯಾವುದರ ಹಿಂದೆ ಬರಿಯ ಸಹಿಯಿದೆ ಎಂಬುದು ಆ ಇಪ್ಪತ್ತು ಮಕ್ಕಳಿಗೆ ಮಾತ್ರ ಗೊತ್ತು.

ಮಕ್ಕಳನ್ನು ಕಾಲೇಜಿಗೆ ಕಳುಹಿಸಿರುವ ತಂದೆತಾಯಿಗಳು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಮುಂದಿನ ಸಲ ಫೋನು ಮಾಡಿದಾಗ ಅಂಕವೆಷ್ಟು ಎಂದು ಕೇಳುವುದಕ್ಕೆ ಮೊದಲು ಮೆಂಟರ್ ಯಾರು ಎಂದು ಕೇಳಿ ತಿಳಿದುಕೊಳ್ಳಲಿ. ಅದಕ್ಕೂ ಮೊದಲು, ಊಟವಾಯಿತೇ ಎಂದು ಕೇಳಲಿ. ಉಳಿದ ಮಾತು ಅದರ ಹಿಂದೆಯೇ ಬರುತ್ತದೆ.