ಯಕೃತ್ತಿನ ಬಳಸುದಾರಿ, ಅದರ ಬೆಲೆ

ಯಕೃತ್ತು ಗಟ್ಟಿಯಾದಾಗ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಸಿಗುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ಉಬ್ಬಿದ ನಾಳಗಳು ಒಡೆದು ರಕ್ತವಾಂತಿಯಾಗುತ್ತದೆ. ಆ ರಕ್ತಕ್ಕೆ ಬಳಸುದಾರಿ ಮಾಡಿಕೊಟ್ಟರೆ ಹೇಗೆ ಎಂದು ಮೊದಲು ಪ್ರಯೋಗಕ್ಕಿಳಿದವರು ರಷ್ಯಾದ ನಿಕೊಲಾಯ್ ಎಕ್. 1877ರಲ್ಲಿ ಅವರು ನಾಯಿಗಳಲ್ಲಿ ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ರಕ್ತನಾಳವನ್ನು ಹೃದಯದತ್ತ ಹೋಗುವ ದೊಡ್ಡ ರಕ್ತನಾಳಕ್ಕೆ ನೇರವಾಗಿ ಜೋಡಿಸಿದರು.

1893ರಲ್ಲಿ ಇವಾನ್ ಪಾವ್ಲೋವ್ ಮತ್ತು ಸಂಗಡಿಗರು ಇಂಥ ನಾಯಿಗಳನ್ನು ಸಾಕಿ ನೋಡಿದರು. ಮಾಂಸ ತಿಂದ ನಾಯಿಗಳು ಕೆರಳಿದವು, ತೂರಾಡಿದವು, ಪ್ರಜ್ಞೆ ತಪ್ಪಿದವು. ಯಕೃತ್ತು ಸೋಸದೆ ಬಿಟ್ಟ ರಕ್ತ ಮಿದುಳನ್ನು ಕೆಡಿಸುತ್ತದೆಂಬುದು ಅಂದೇ ಗೊತ್ತಾಯಿತು.

ಹೊಟ್ಟೆ ಕೊಯ್ಯದೆ ಬಳಸುದಾರಿ ಮಾಡುವ ಉಪಾಯ ಆಕಸ್ಮಿಕವಾಗಿ ಹೊಳೆಯಿತು. ಅಮೆರಿಕದಲ್ಲಿ ಜೋಸೆಫ್ ರೋಶ್ ಕತ್ತಿನ ರಕ್ತನಾಳದಿಂದ ಸೂಜಿ ಇಳಿಸಿ ಪಿತ್ತನಾಳ ಹುಡುಕುತ್ತಿದ್ದಾಗ, ಸೂಜಿ ಪೋರ್ಟಲ್ ನಾಳವನ್ನೇ ಹೊಕ್ಕಿತು. ಅವರು ಆ ದಾರಿಯನ್ನೇ ಹಿಡಿದು, ನಾಯಿಗಳಲ್ಲಿ ಕೊಳವೆ ಕೂರಿಸಿ 1969ರಲ್ಲಿ ಲೋಕಕ್ಕೆ ತಿಳಿಸಿದರು. 1988ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ವೈದ್ಯರು ಇದೇ ದಾರಿಯಲ್ಲಿ ಮನುಷ್ಯರ ಯಕೃತ್ತಿನೊಳಗೆ ಲೋಹದ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿದರು. ಇದೇ ಇಂದಿನ 'ಟಿಪ್ಸ್'.

ಚಿಕಿತ್ಸೆ ಹರಡಿದಂತೆ ಅಪರೂಪದ ತೊಡಕುಗಳೂ ಒಂದೊಂದಾಗಿ ಕಂಡವು. ಮಂಪರು, ಗೊಂದಲ ಹಲವರಿಗೆ ಬರುತ್ತವೆ, ಅವು ಅಪರೂಪವಲ್ಲ. ಆದರೆ ಕೆಲವರಲ್ಲಿ ಸ್ಟೆಂಟಿನ ಬರಿಯ ತಂತಿಗೆ ತಾಗಿ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಹೆಚ್ಚಿತು. ಕೆಲವರಲ್ಲಿ ಸ್ಟೆಂಟಿನೊಳಗೇ ಸೋಂಕು ಬೇರೂರಿ ಜ್ವರ ಮತ್ತೆ ಮತ್ತೆ ಬಂತು. ತೆಗೆಯಲು ಬಾರದ ಸ್ಟೆಂಟು, ವಾರಗಟ್ಟಲೆ ಆ್ಯಂಟಿಬಯಾಟಿಕ್! ಇನ್ನೂ ವಿರಳವಾಗಿ ಬೆನ್ನುಹುರಿ ಕೆಟ್ಟು ಎರಡೂ ಕಾಲು ಸೆಟೆದುಕೊಂಡವು. ಮಂಪರಿಗೆ ಕೊಡುವ ಲ್ಯಾಕ್ಟುಲೋಸ್‌ಗೆ ಈ ಕಾಲಿನ ಬಿಗಿತ ಸಾಮಾನ್ಯವಾಗಿ ಬಗ್ಗುವುದಿಲ್ಲ. ಬೇಗ ಗುರುತಿಸಿ ಯಕೃತ್ತಿನ ಕಸಿ ಮಾಡಿದರೆ ಸುಧಾರಿಸಿದವರಿದ್ದಾರೆ. ತಡವಾದರೆ ನಷ್ಟ ಉಳಿದುಬಿಡುತ್ತದೆ.

ಇದಕ್ಕೇ ಈ ಕತೆ ಬಾಗಲಕೋಟೆ, ಬಾದಾಮಿ, ಹುನಗುಂದದ ಮನೆಗಳಿಗೂ ಬೇಕು. ಟಿಪ್ಸ್ ಆಗುವುದು ದೊಡ್ಡ ಆಸ್ಪತ್ರೆಯಲ್ಲಿ. ತೊಡಕು ಮೊದಲು ಕಾಣುವುದು ಊರಿನ ಮನೆಯಲ್ಲಿ. ಟಿಪ್ಸ್ ಆದ ಇಳಕಲ್ಲಿನ ನೇಕಾರನಿಗೆ ಮಗ್ಗ ತುಳಿಯುವಾಗ ಕಾಲು ಬಿಗಿದರೆ, ವಾಯು ಎಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ಬಿಡದ ಜ್ವರ, ಹೆಚ್ಚುವ ಕಾಮಾಲೆ, ಹಗಲೆಲ್ಲ ನಿದ್ದೆ, ಬಿಗಿವ ಕಾಲು: ಇವುಗಳಲ್ಲಿ ಒಂದು ಕಂಡರೂ ಸ್ಟೆಂಟ್ ಹಾಕಿದ ಕಾಗದ ಹಿಡಿದು ಅಂದೇ ವೈದ್ಯರ ಬಳಿ ಹೋಗಿ, "ಇವರಿಗೆ ಟಿಪ್ಸ್ ಆಗಿದೆ" ಎಂದು ಮೊದಲೇ ಹೇಳಿ.